ಚಪ್ಪಡಿ ಮನೆಗೆ ಗಂಗೂನ ಕೈಮಾತು ಬಂದದ್ದು

ಈ ಮನೆಯಲ್ಲಿ ಮೊದಲ ಮಧ್ಯಾಹ್ನ ಚಾಪೆ ಹಾಸಿ ಮಲಗಿ ಮೇಲೆ ನೋಡಿದವಳು ಎದ್ದು ಕೂತೆ. ತಲೆಯ ಮೇಲೆ ತೊಲೆ ಇಲ್ಲ, ಜಂತಿ ಇಲ್ಲ, ಮಣ್ಣಿಲ್ಲ. ಬಂಡೆ ಇತ್ತು. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಮಲಗಿಸಿದ ಉದ್ದನೆಯ ಕಲ್ಲುಗಳು, ಒಂದರ ಪಕ್ಕ ಒಂದು, ನಡುವಿನ ಸಂದಿಗೆ ಗಾರೆ. ಇವಕ್ಕೆ ಇಲ್ಲಿ ಚಪ್ಪಡಿ ಎನ್ನುತ್ತಾರೆ. ಗೋಡೆಯೂ ಕಲ್ಲು, ನೆಲವೂ ಕಲ್ಲು. ಊರಿಗೆ ಬರುವ ದಾರಿಯಲ್ಲಿ ಹೊಲದ ಬೇಲಿಯೂ ನಿಲ್ಲಿಸಿದ ಕಲ್ಲೇ ಆಗಿತ್ತು. ವಿಜಯಪುರದ ಕಡೆಯ ಇಂಡಿ ತಾಲ್ಲೂಕಿನ ನಮ್ಮ ಊರಲ್ಲಿ ಕಲ್ಲು ಅಂದರೆ ಕಾಲಿನ ಕೆಳಗೆ ಇರಬೇಕಾದದ್ದು. ಅದರ ಕೆಳಗೆ ಮನುಷ್ಯರು ಮಲಗುವುದನ್ನು ನಾನು ನೋಡಿರಲಿಲ್ಲ.

“ಇದು ಬೀಳೂದಿಲ್ಲೇನ್ರಿ?” ಎಂದು ಮನೆಯೊಡತಿ ಮುನಿರತ್ನಮ್ಮನವರನ್ನು ಕೇಳಿದೆ.

“ನಮ್ಮಜ್ಜಿ ಕಾಲದ್ದು ಟೀಚರಮ್ಮ. ಬಿದ್ರೆ ಎಲ್ರೂ ಒಟ್ಟಿಗೇ ಹೋಗ್ತೀವಿ. ಒಬ್ರೇ ಹೋಗೋ ಭಯ ಇಲ್ವಲ್ಲ?” ಎಂದರು.

ನಾನು ಗಣಿತದ ಟೀಚರು. ಬಡ್ತಿ ಸಿಕ್ಕಿ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆಯ ಶಾಲೆಗೆ ಬಂದವಳು. ನಕ್ಷೆಯಲ್ಲಿ ಇದು ನಮ್ಮ ರಾಜ್ಯದ್ದೇ ಇನ್ನೊಂದು ಮೂಲೆ. ಬಂದು ನೋಡಿದರೆ ಜೋಳದ ಬದಲು ರಾಗಿ, ರೊಟ್ಟಿಯ ಬದಲು ಮುದ್ದೆ, ಕರಿ ಎರೆಮಣ್ಣಿನ ಬದಲು ಕೆಂಪು ಮಣ್ಣು. ಮುನಿರತ್ನಮ್ಮ ನನ್ನೊಡನೆ ಕನ್ನಡ ಮಾತಾಡುತ್ತಾ, ಕುತ್ತಿಗೆ ಹೊರಳಿಸಿ ಗಂಡ ಚೌಡಪ್ಪನವರನ್ನು “ಏಮಯ್ಯಾ, ಇಟ್ಲಾ ರಾ” ಎಂದು ತೆಲುಗಿನಲ್ಲಿ ಕರೆದು, ಮತ್ತೆ ನನ್ನ ಕಡೆಗೆ ಕನ್ನಡದಲ್ಲಿ ತಿರುಗುತ್ತಾರೆ. ಯಾವ ಮಾತು ಯಾವ ಭಾಷೆಯದು ಎಂಬ ಲೆಕ್ಕ ಅವರಿಗಿಲ್ಲ.

ಬಾಡಿಗೆಯ ಮಾತಿಗೆ ಮೊದಲು ಅವರು ನನಗೆ ಹಾಕಿದ ಪ್ರಶ್ನೆ ಬೇರೆಯೇ ಇತ್ತು.

“ಸೊಳ್ಳೆಬತ್ತಿ ಹಚ್ತೀರಾ?”

“ಹಚ್ತೀನ್ರಿ.”

“ಹಂಗಾದ್ರೆ ಆಗಲ್ಲ. ಹಿಂದುಗಡೆ ಹುಳ ಸಾಕ್ತೀವಿ. ಸೊಳ್ಳೆಬತ್ತಿ, ಅಗರಬತ್ತಿ, ಸೆಂಟು, ಇಂಗಿನ ಒಗ್ಗರಣೆ ಯಾವ್ದೂ ಕೂಡದು. ಎಳೆಮಕ್ಕಳಿದ್ದಂಗೆ ಅವು. ಮುದ್ದೆ ಮಾಡ್ಕೊಂಡ್ರೆ ಏನೂ ತೊಂದ್ರೆ ಇಲ್ಲ.”

“ನನಗ ಮುದ್ದಿ ಮಾಡಾಕ ಬರೂದಿಲ್ರಿ. ರೊಟ್ಟಿ ಬಡೀತೀನಿ.”

“ಬಡಿಯೋದೇ ಆದ್ರೆ ಮೊದ್ಲು ನಮ್ಮ ಯಜಮಾನ್ರಿಂದ ಶುರು ಮಾಡಿ” ಎಂದು ನಕ್ಕರು. ಚೌಡಪ್ಪನವರು ಹುಳದ ಮೇವಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಾ ಕೇಳಿಸಿಕೊಂಡೂ ಕೇಳಿಸದವರಂತೆ ಒಳಗೆ ಹೋದರು.

ಮನೆಯ ಎಡಭಾಗದ ಎರಡು ಕೋಣೆ ನನ್ನವು, ಒಂದರ ಹಿಂದೆ ಒಂದು. ಮುಂದೆ ಜಗಲಿ. ನನ್ನ ಒಳಕೋಣೆಯ ಹಿಂದಿನ ಗೋಡೆಯ ಆಚೆಗೆ ರೇಷ್ಮೆಹುಳದ ಮನೆ. ಒಳಕೋಣೆಗೆ ಕಿಟಕಿ ಇಲ್ಲ. ಚಪ್ಪಡಿಯ ನಡುವೆ ಒಂದು ಚೌಕದ ಬೆಳಕಿಂಡಿ ಇದೆ, ಮೇಲೆ ಗಾಜು. ಅದೊಂದೇ ನನಗೆ ಪರಿಚಯದ್ದಾಗಿ ಕಂಡಿತು. ನಮ್ಮೂರಿನ ಮೇಲ್ಮುದ್ದಿಯ, ಅಂದರೆ ಮಣ್ಣಿನ ಮಾಳಿಗೆಯ ಮನೆಯಲ್ಲೂ ಬೆಳಕಿಂಡಿ ಇದೆ. ನಾನೂ ನನ್ನ ತಂಗಿ ಗಂಗೂನೂ ಅದರ ಕೆಳಗೇ ಬೆಳೆದವರು.

ಗಂಗೂಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳನ್ನು ಯಾವ ಶಾಲೆಗೂ ಕಳಿಸಿರಲಿಲ್ಲ. ಅವ್ವ, ನಾನು, ಅವಳು ಮೂವರೂ ಸೇರಿ ಕೈಯಲ್ಲೇ ಒಂದು ಮಾತು ಮಾಡಿಕೊಂಡಿದ್ದೆವು. ಮೂಗುತಿಯ ಜಾಗ ಮುಟ್ಟಿದರೆ ಅವ್ವ. ಅಂಗೈ ಮೇಲೆ ಬೆರಳಿನಿಂದ ಬರೆದರೆ ನಾನು. ಮೀಸೆ ತಿರುವಿದರೆ ಅಣ್ಣ. ಅವನಿಗೆ ಮೀಸೆ ಮೂಡುವ ಮುಂಚೆಯೇ ಆ ಹೆಸರು ಬಿದ್ದಿತ್ತು. ಕೈಮಾತಿಗೆ ಬೆಳಕು ಬೇಕು. ಮಣ್ಣಿನ ಮನೆಯ ಒಳಗೆ ಹಗಲಲ್ಲೂ ಕತ್ತಲು. ಹಾಗಾಗಿ ಗಂಗೂ ಏನಾದರೂ ಹೇಳಬೇಕೆಂದರೆ ನನ್ನ ಸೆರಗು ಹಿಡಿದು ಬೆಳಕಿಂಡಿಯ ಕೆಳಗೆ ಎಳೆದುಕೊಂಡು ಹೋಗುತ್ತಿದ್ದಳು. ಬಿಸಿಲಕೋಲು ಅವಳ ಕೈಯ ಮೇಲೆ ಬೀಳುತ್ತಿತ್ತು, ಹಿಟ್ಟಿನ ಧೂಳು ಅದರಲ್ಲಿ ಹಾರುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಾ ಅಲ್ಲಿಂದಲೇ ನೋಡಿ, ಹಿಟ್ಟಿನ ಕೈಯಲ್ಲೇ ನಡುವೆ ಮಾತು ಸೇರಿಸುತ್ತಿದ್ದಳು. ಗಂಗೂನನ್ನು ಕರೆಯಬೇಕಾದರೆ ಅವ್ವ ನೆಲಕ್ಕೆ ಹಿಮ್ಮಡಿ ಗುದ್ದುತ್ತಿದ್ದಳು. ಸೆಗಣಿ ಸಾರಿಸಿದ ಮಣ್ಣಿನ ನೆಲ ಆ ಗುದ್ದನ್ನು ಗಂಗೂನ ಪಾದದವರೆಗೆ ಒಯ್ಯುತ್ತಿತ್ತು. ಇಲ್ಲಿಯ ಕಲ್ಲುನೆಲಕ್ಕೆ ಒಮ್ಮೆ ಹಿಮ್ಮಡಿ ಗುದ್ದಿ ನೋಡಿದೆ. ನೋವಾಯಿತು, ಅಷ್ಟೇ.

ಊರು ಬಿಟ್ಟು ಬಂದ ಮೇಲೆ ಎಲ್ಲರಿಗೂ ಫೋನಿದೆ. ಮನೆಯವರ ದನಿ ಕೇಳಿದರೆ ಸಮಾಧಾನ. ಗಂಗೂನ ವಿಷಯದಲ್ಲಿ ದನಿ ಎಂಬುದೇ ಇಲ್ಲ. ಅವಳು ಕಾಣಬೇಕು, ಅದೂ ತಡೆಯದೆ ಕಾಣಬೇಕು. ಅವಳ ಕೈ ಮಧ್ಯದಲ್ಲಿ ಒಂದು ಕ್ಷಣ ನಿಂತರೆ ಮಾತು ಮುರಿಯುತ್ತದೆ. ಈ ಮನೆಯೊಳಗೆ ಮೊಬೈಲಿನ ಸಿಗ್ನಲ್ ಬರುವುದಿಲ್ಲ. ಕೇಬಲ್ಲಿನವರನ್ನು ಕರೆಸಿ ಇಂಟರ್‌ನೆಟ್ ಹಾಕಿಸಿದೆ. ಅವರು ಒಳಗೆ ತಂತಿ ತರಲು ಗೋಡೆ ಕೊರೆಯುವ ಯಂತ್ರ ತೆಗೆದರೆ ಮುನಿರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು.

“ಕಲ್ಲಿಗೆ ತೂತು ಹೊಡೆದ್ರೆ ಸೀಳು ಬಿಡ್ತದೆ. ಅದರ ಅದುರಾಟಕ್ಕೆ ಹುಳ ಮೇವು ಬಿಡ್ತಾವೆ. ಜಗಲಿ ಮೇಲೆ ಇಟ್ಟು ಹೋಗಿ.”

ಜಗಲಿಯ ಮೇಲೆಯೇ ವೈಫೈ ಪೆಟ್ಟಿಗೆ ಕೂತಿತು. ಜಗಲಿಯಲ್ಲಿ ಕೂತರೆ ಗಂಗೂ ಚೆನ್ನಾಗಿ ಕಾಣುತ್ತಿದ್ದಳು. ಆದರೆ ಇಲ್ಲಿ ಜಗಲಿ ಅಂದರೆ ಬೀದಿಯೇ. ಹಾಲು ಹಾಕಲು ಹೋಗುವವರು, ಟೊಮ್ಯಾಟೊ ಕ್ರೇಟು ಹೊರುವವರು ನಿಂತು ನೋಡುತ್ತಿದ್ದರು. ಟೀಚರಮ್ಮ ಫೋನಿನ ಮುಂದೆ ಕೈ ಆಡಿಸುತ್ತಾ ಮುಖ ಕಿವಿಚುವುದು ಅವರಿಗೆ ತಮಾಷೆ. ಒಬ್ಬಾಕೆ ನನ್ನ ಹೆಗಲ ಮೇಲಿಂದ ಬಗ್ಗಿ ಗಂಗೂಗೆ ಕೈಬೀಸಿದಳು. ಗಂಗೂ ಸೆರಗಿನಲ್ಲಿ ಕೈ ಸುತ್ತಿಕೊಂಡುಬಿಟ್ಟಳು. ಹೊರಗಿನವರು ನೋಡುವಾಗ ಅವಳು ಯಾವತ್ತೂ ಮಾತಾಡುವವಳಲ್ಲ. ಚಿಕ್ಕವಳಿದ್ದಾಗ ಅವಳ ಕೈಯನ್ನು ಅಣಕಿಸಿದವರು ಬಹಳ ಜನ. ಅಂದಿನಿಂದ ನಾನು ಹೊರಕೋಣೆಯಲ್ಲಿ ಬಾಗಿಲು ಅರೆ ತೆರೆದು ಕೂತು ಮಾತಾಡುತ್ತಿದ್ದೆ. ಚಿತ್ರ ತಡವರಿಸುತ್ತಿತ್ತು. ಹೇಗೋ ನಡೆಯುತ್ತಿತ್ತು.

ಆ ಭಾನುವಾರ ಅವಳು ಕರೆ ಮಾಡಿದಾಗ ನಾನು ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಕರೆ ಹೇಗೆ ಒಳಗೆ ಬಂತೋ, ಬಂತು. ಗಂಗೂನ ಮುಖ ಮೂಡಿತು. ಅವಳ ಬೆರಳು ಮೂಗುತಿಯ ಜಾಗ ಮುಟ್ಟಿತು: ಅವ್ವ. ಇನ್ನೊಂದು ಕೈ ಮೇಲೇಳುತ್ತಿತ್ತು. ಅಲ್ಲಿಗೆ ಚಿತ್ರ ನಿಂತಿತು. ಎತ್ತಿದ ಕೈ ಎತ್ತಿದ ಹಾಗೆ, ಬಾಯಿ ಅರೆ ತೆರೆದ ಹಾಗೆ. ನಾನು ಒಂದು ಗಳಿಗೆ ಅದನ್ನೇ ನೋಡುತ್ತಾ ನಿಂತೆ, ಈಗ ಕದಲುತ್ತದೆ ಎಂದು. ಕದಲಲಿಲ್ಲ. ಜಗಲಿಗೆ ಓಡಿ ಮತ್ತೆ ಮಾಡಿದೆ. ಎತ್ತಲಿಲ್ಲ. ಅಣ್ಣನಿಗೆ ಮಾಡಿದೆ, ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಅಣ್ಣನೇ ಮಾಡಿದ.

“ಅವ್ವ ಹೋದ್ಳವಾ” ಎಂದ.

ಊರಿಗೆ ಹೋದೆ. ಮಾಡಬೇಕಾದದ್ದೆಲ್ಲ ಆಯಿತು. ಗಂಗೂ ನನ್ನ ಮುಖ ನೋಡಲಿಲ್ಲ. ಬೆಳಕಿಂಡಿಯ ಕೆಳಗೆ ಕರೆದುಕೊಂಡು ಹೋದರೆ ಕೈ ಬಿಡಿಸಿಕೊಂಡಳು. ಕೊನೆಗೆ ವೈನಿಯ ಮುಂದೆ, ಅಂದರೆ ಅಣ್ಣನ ಹೆಂಡತಿಯ ಮುಂದೆ, ಒಂದೇ ಒಂದು ಸಲ ಕೈ ಎತ್ತಿದಳು. ವೈನಿಗೆ ಅದು ತಿಳಿಯಲಿಲ್ಲ, ನನಗೆ ತಿಳಿಯಿತು: ನಾನು ಹೇಳಿದೆ, ಇವಳು ಸುಮ್ಮನೆ ನೋಡಿದಳು. ಆ ಕಡೆಯಲ್ಲೂ ಚಿತ್ರ ನಿಂತಿತ್ತು. ಅವಳಿಗೆ ಕಂಡದ್ದು ಕಣ್ಣು ಬಿಟ್ಟುಕೊಂಡು ನೋಡುತ್ತಾ ಏನೂ ಹೇಳದ ನನ್ನ ಮುಖ. ಫೋನಿನಲ್ಲಿ ಚಿತ್ರ ನಿಲ್ಲುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿರುವುದಕ್ಕೂ ಆ ಗಳಿಗೆಗೂ ಸಂಬಂಧವಿರಲಿಲ್ಲ.

ಇಲ್ಲಿಗೆ ಮರಳಿದ ಮೇಲೆ ನನ್ನ ಕರೆಗಳನ್ನು ಅವಳು ಎತ್ತುವುದನ್ನೇ ಬಿಟ್ಟಳು. ಕೈಮಾತು ಬಲ್ಲವರು ಮೂವರಿದ್ದೆವು, ಈಗ ಇಬ್ಬರು. ಅವಳ ಜೊತೆ ನಾನೂ ಮಾತಾಡದಿದ್ದರೆ ಅವಳಿಗೆ ಮಾತೇ ಇಲ್ಲ.

ಶಾಲೆ ಮುಗಿಸಿ ಮುಳಬಾಗಿಲಿಗೆ ಹೋದೆ. ಬಸ್ ನಿಲ್ದಾಣದ ಹತ್ತಿರ ಸಾದಿಕ್ ಭಾಯಿ ಎಂಬವರ ಎಲೆಕ್ಟ್ರಾನಿಕ್ಸ್ ಅಂಗಡಿ. ನಾನು ಒಳಗೆ ಕಾಲಿಡುವಾಗ ಅವರು ತಮ್ಮನಿಗೆ ಯಾವುದೋ ಡಬ್ಬ ತೋರಿಸಿ “ವೋ ನಕ್ಕೋ ರೇ” ಎನ್ನುತ್ತಿದ್ದರು. ನಕ್ಕೋ, ಅಂದರೆ ಬೇಡ. ವಿಜಯಪುರದ ಸಂತೆಯಲ್ಲಿ ಬಳೆ ಮಾರುವಾಕೆ ನನ್ನ ಅವ್ವನ ಚೌಕಾಸಿಗೆ ಹೇಳುತ್ತಿದ್ದ ಅದೇ ಮಾತು. ಬಂದಾಗಿನಿಂದ ನನ್ನೂರಿನದು ಅನ್ನಿಸಿದ ಮೊದಲ ದನಿ ಅದು. ಏನು ಬೇಕು ಎಂದು ಅವರು ಎರಡು ಸಲ ಕೇಳಬೇಕಾಯಿತು. ಒಳಕೋಣೆಗೆ ಇಂಟರ್‌ನೆಟ್ ಬರುತ್ತಿಲ್ಲ ಎಂದೆ.

“ಕಲ್ಲು ಮನೇನಾ ಮೇಡಂ? ಹಂಗಾದ್ರೆ ಈ ನಾಕು ಕೊಂಬಿನ ರೂಟರ್ ತಗೊಳ್ಳಿ. ಕೊಂಬು ಜಾಸ್ತಿ, ಪವರ್ ಜಾಸ್ತಿ.”

ನಾಲ್ಕು ಕೊಂಬಿನದನ್ನು ತಂದು ಜಗಲಿಯಲ್ಲಿಟ್ಟೆ. ಬೀದಿಯ ಕೊನೆಯ ಹುಣಸೆಮರದ ಕೆಳಗೆ ಚೆನ್ನಾಗಿ ಸಿಕ್ಕಿತು. ಒಳಕೋಣೆಯಲ್ಲಿ ಮೊದಲಿನಂತೆಯೇ. ಕೊಂಬು ಎಷ್ಟಿದ್ದರೂ ಕಲ್ಲಿಗೆ ಲೆಕ್ಕವಿಲ್ಲ.

ವಾಪಸ್ ಕೊಟ್ಟು ಪ್ಲಗ್ಗಿಗೆ ಚುಚ್ಚುವ ರಿಪೀಟರ್ ತಂದೆ. ಅದು ಒಂದು ಕಡೆಯಿಂದ ಬಂದದ್ದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಒಳಕೋಣೆಯಲ್ಲಿಟ್ಟರೆ ಅದಕ್ಕೇ ಏನೂ ಸಿಗುವುದಿಲ್ಲ, ದಾಟಿಸುವುದೇನು? ಹೊರಕೋಣೆಯಲ್ಲಿಟ್ಟರೆ ಅದಕ್ಕೆ ಸಿಗುತ್ತದೆ, ಆದರೆ ಅದು ದಾಟಿಸಿದ್ದು ಮುಂದಿನ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಮೂರನೆಯ ಸಲ ಹೋದಾಗ ಸಾದಿಕ್ ಭಾಯಿ ಎರಡೂ ಕೈ ಮುಗಿದರು.

“ಮೇಡಂ, ನಿಮ್ಮ ಮನೆ ಕಟ್ಟಿದೋನು ಮೇಸ್ತ್ರಿ ಅಲ್ಲ, ಸೈತಾನ್.”

ನಾನು ಅವರ ಗಾಜಿನ ಮೇಜಿನ ಮೇಲೆ ಬೆರಳಿನಿಂದ ಮನೆಯನ್ನು ಬರೆದು ತೋರಿಸಿದೆ. ಜಗಲಿ, ಎರಡು ಕೋಣೆ, ಬೆಳಕಿಂಡಿ. “ಗಾಳಿಯೊಳಗ ಬರೂದು ಗೋಡೆ ದಾಟೂದಿಲ್ಲ ಅಂದ್ರ, ತಂತಿನೇ ಒಳಗ ಒಯ್ದು, ಅಲ್ಲಿಂದ ಗಾಳಿಗೆ ಬಿಡೂವಂಥದ್ದು ಏನರ ಐತೇನ್ರಿ?”

“ಅದಕ್ಕೆ ಆಕ್ಸೆಸ್ ಪಾಯಿಂಟ್ ಅಂತಾರೆ” ಎಂದು ಏಣಿ ಹತ್ತಿದರು. “ಛತ್ರದೋರು, ಲಾಡ್ಜಿನೋರು ಒಯ್ತಾರೆ. ಮನೇಗೆ ಯಾರೂ ಕೇಳಲ್ಲ, ನನಗೂ ಹೊಳೀಲಿಲ್ಲ ನೋಡಿ.”

ಎರಡು ಬಗೆ ಇಳಿಸಿದರು. ಒಂದು ಉದ್ದನೆಯದು, ಹೊರಗೆ ಕಂಬಕ್ಕೆ ಕಟ್ಟುವಂಥದ್ದು. “ಇದು ಕೆರೆ ಆ ದಡಕ್ಕೂ ಹೋಗ್ತದೆ.” ಇನ್ನೊಂದು ಬಿಳಿ, ದುಂಡಗೆ, ಊಟದ ತಟ್ಟೆಯಷ್ಟು. ಎರಡಕ್ಕೂ ಒಂದೇ ತಂತಿ ಸಾಕು; ಇಂಟರ್‌ನೆಟ್ಟೂ ಕರೆಂಟೂ ಅದರಲ್ಲೇ ಬರುತ್ತವೆ, ಕೋಣೆಯಲ್ಲಿ ಪ್ಲಗ್ ಬೇಕಿಲ್ಲ. “ಎರಡೂ ಒಯ್ಯಿರಿ. ಯಾವ್ದು ಕೆಲಸ ಮಾಡ್ತದೋ ಇಟ್ಕೊಳ್ಳಿ, ಇನ್ನೊಂದು ವಾಪಸ್.”

ನನಗೆ ಜೋರಾದದ್ದೇ ಬೇಕೆನ್ನಿಸಿತು. ಎರಡು ಸಲ ಸೋತವರಿಗೆ ಹಾಗೇ ಅನ್ನಿಸುತ್ತದೆ. ಚೌಡಪ್ಪನವರು ಚಪ್ಪಡಿಯ ಮೇಲೆ ಹತ್ತಿ, ಜಗಲಿಯಿಂದ ತಂತಿಯನ್ನು ಪೈಪಿನೊಳಗೆ ತೂರಿಸಿ ತಂದು, ಬೆಳಕಿಂಡಿಯ ಗಾಜಿನ ಪಕ್ಕದ ಸಂದಿಯಿಂದ ಕೆಳಗೆ ಬಿಟ್ಟುಕೊಟ್ಟರು. ಕಲ್ಲಿಗೆ ಒಂದು ಗೀರೂ ಆಗಲಿಲ್ಲ. ಉದ್ದನೆಯದನ್ನು ಸ್ಟೂಲಿನ ಮೇಲಿಟ್ಟು ಜೋಡಿಸಿದೆ. ಒಳಕೋಣೆಯ ಮೂಲೆ ಮೂಲೆಯಲ್ಲೂ ಸಿಗ್ನಲ್ ತುಂಬಿತು. ವೈನಿಗೆ ಫೋನು ಮಾಡಿ ಬೇಡಿಕೊಂಡೆ. ಅವರು ಗಂಗೂನನ್ನು ಹೇಗೋ ಒಪ್ಪಿಸಿ ಶನಿವಾರ ಮಧ್ಯಾಹ್ನ ಫೋನಿನ ಮುಂದೆ ಕೂರಿಸಿದರು.

ಗಂಗೂ ಕಂಡಳು. ಇಳಿದುಹೋಗಿದ್ದಳು. ನಾನು ಅಂಗೈಯನ್ನು ಎದೆಗೆ ಒತ್ತಿ, “ಆವತ್ತು” ಎಂದು ಶುರು ಮಾಡಿದೆ, ಅಷ್ಟೇ. ಪರದೆ ಕಪ್ಪಾಯಿತು.

ಜಗಲಿಗೆ ಓಡಿದೆ. ಮುನಿರತ್ನಮ್ಮ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

“ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಟೀಚರಮ್ಮ. ನೀವು ಒಳಗೆ ಏನೋ ದೊಡ್ಡದು ತಂದಿಟ್ಟೀರಂತೆ, ಕೆರೆ ದಾಟಿ ಹೋಗೋದಂತೆ. ಅದರ ಅಲೆ ಹುಳದ ಮೇಲೆ ಬಿದ್ರೆ ಏನ್ ಗತಿ? ಜ್ವರ ಏಳಲಿ, ಆಮೇಲೆ ಹಾಕ್ಕೊಳ್ಳಿ.”

ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ, ಕದಲದೆ ಕೂರುತ್ತದೆ. ಆ ಹೊತ್ತಿನಲ್ಲಿ ಈ ಮನೆಯವರು ಜೋರಾಗಿ ಮಾತೂ ಆಡುವುದಿಲ್ಲ. ಇದೆಲ್ಲ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಆದರೂ ನಾನು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ನನ್ನ ತಂಗಿ ಇದ್ಳರಿ ಅದರಾಗ” ಎಂದೆ. “ಅವ್ವ ಸತ್ತ ಮ್ಯಾಲೆ ಇವತ್ತ ಮೊದಲ್ನೇ ಸಲ ಕುಂತಿದ್ಳು.”

ಮುನಿರತ್ನಮ್ಮನಿಗೆ ಗಂಗೂನ ವಿಷಯ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಫೋನಿನ ಮುಂದೆ ಕೈ ಆಡಿಸುವುದನ್ನು ಅವರು ಮಕ್ಕಳಿಗೆ ಪಾಠ ಕಲಿಸುವ ಬಗೆ ಎಂದುಕೊಂಡಿದ್ದರಂತೆ. ಅವತ್ತು ಎಲ್ಲ ಹೇಳಿದೆ. ನಿಂತ ಚಿತ್ರದ ವಿಷಯವನ್ನೂ ಹೇಳಿದೆ. ಅವರು ಪ್ಲಗ್ಗನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತರು.

“ಪಾಪ, ಆ ಮಗೀಗೂ ನೀನೇ ಅಲ್ವೇನೇ ಇರೋದು” ಎಂದರು. ಅವತ್ತಿನಿಂದ ಅವರು ನನಗೆ ಬಹುವಚನ ಬಿಟ್ಟರು. “ಆದ್ರೆ ನನ್ನ ಹುಳಾನೂ ನೋಡು. ಈ ಬೆಳೆ ಹೋದ್ರೆ ನಮ್ಮ ಹೊಟ್ಟೆಪಾಡು ಹೋದಂಗೆ.”

ಅಲೆಯಿಂದ ಹುಳಕ್ಕೆ ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳಬಹುದಿತ್ತು. ನನಗೆ ಹಾಗೇ ಅನ್ನಿಸುತ್ತದೆ. ಆದರೆ ಹುಳವನ್ನು ಬಲ್ಲವರು ಅವರು. ನನಗೆ ಅನ್ನಿಸಿದ್ದನ್ನು ಅವರ ಬೆಳೆಯ ಮೇಲೆ ಹೇರಲು ಮನಸ್ಸು ಬರಲಿಲ್ಲ. ನನಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ.

“ಅಮ್ಮ, ಈ ಕಲ್ಲು ಜಗಲಿಂದ ನನ್ನ ಕೋಣಿಗೆ ಏನೂ ಬಿಡಲಿಲ್ಲ. ನನ್ನ ಕೋಣಿಯಿಂದ ನಿಮ್ಮ ಹುಳದ ಮನಿಗೆ ಬಿಡತೈತೇನು? ಬರ್ರಿ, ನೋಡೂಣು.”

ಪ್ಲಗ್ ಮತ್ತೆ ಹಾಕಿಸಿ, ಹುಳಕ್ಕೆ ಸೋಂಕು ತಾಗದಿರಲಿ ಎಂದು ಇಬ್ಬರೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ ಹುಳದ ಮನೆಗೆ ಹೋದೆವು. ಮೊದಲ ಬಾರಿಗೆ ಅದರೊಳಗೆ ಕಾಲಿಟ್ಟೆ. ತಟ್ಟೆಗಳ ಸಾಲಿನಲ್ಲಿ ಸಾವಿರಾರು ಹುಳ, ಎಲ್ಲವೂ ತಲೆ ಎತ್ತಿ ನಿಂತಿದ್ದವು. ಒಂದೂ ಕದಲುತ್ತಿರಲಿಲ್ಲ. ನಾನು ಬಹಳ ಹೊತ್ತು ನೋಡಿದೆನಂತೆ. “ಸತ್ತಿಲ್ಲ ಕಣೇ, ಒಳಗೊಳಗೇ ಬೆಳೀತಾವೆ” ಎಂದು ಮುನಿರತ್ನಮ್ಮ ನನ್ನ ಮೊಣಕೈ ಮುಟ್ಟಿದರು.

ಫೋನು ತೆಗೆದು ತೋರಿಸಿದೆ. ಪೆಟ್ಟಿಗೆಯ ಸಿಗ್ನಲ್ ಒಂದು ಗೀಟು ಇತ್ತು.

“ಏನೂ ಬರಲ್ಲ ಅಂದೆ? ಒಂದು ಗೀಟು ಐತಲ್ಲೇ!”

ಇತ್ತು. ನಾನು ಒಪ್ಪಿಕೊಂಡೆ. ಕೋಣೆಗೆ ಬಂದು ಎರಡೂ ಪೆಟ್ಟಿಗೆಗಳ ಜೊತೆಗಿದ್ದ ಸೂಚನೆಗಳನ್ನು ಓದಿದೆ. ಈ ಪೆಟ್ಟಿಗೆಗಳು ಎರಡು ಬಗೆಯ ಅಲೆ ಬಿಡುತ್ತವೆ. ಒಂದು ದೂರ ಹೋಗುವ ಅಲೆ. ಗೋಡೆಯನ್ನು ಅಷ್ಟಿಷ್ಟು ತೂರುತ್ತದೆ, ಆದರೆ ವೇಗ ಕಡಿಮೆ. ಇನ್ನೊಂದು ಹತ್ತಿರದ ಅಲೆ. ವೇಗ ಬಹಳ, ಆದರೆ ಗೋಡೆ ಎದುರಾದರೆ ಸೋಲುತ್ತದೆ. ಉದ್ದನೆಯ ಪೆಟ್ಟಿಗೆಯಲ್ಲಿ ಯಾವುದನ್ನೂ ತಗ್ಗಿಸುವ ದಾರಿ ಇರಲಿಲ್ಲ. ಬಿಳಿ ತಟ್ಟೆಯಲ್ಲಿ ದೂರದ ಅಲೆಯನ್ನು ಪೂರ್ತಿ ಮುಚ್ಚಬಹುದಿತ್ತು, ಹತ್ತಿರದ ಅಲೆಯ ಬಲವನ್ನೂ ಇಳಿಸಬಹುದಿತ್ತು. ಇಷ್ಟು ದಿನ ನಾನು ಹುಡುಕಿದ್ದು ಗೋಡೆ ದಾಟುವಂಥದ್ದನ್ನು. ಬೇಕಾಗಿದ್ದದ್ದು ಕೋಣೆಯೊಳಗೇ ಉಳಿಯುವಂಥದ್ದು. ನಾನೂ ಗಂಗೂನೂ ಮಾತಾಡಲು ಒಂದು ಕೋಣೆ ಸಾಕು. ಹಿಂದೆಯೂ ಅಷ್ಟೇ ಇದ್ದದ್ದು.

ಬಿಳಿಯದನ್ನು ಜೋಡಿಸಿ, ದೂರದ ಅಲೆಯನ್ನು ಮುಚ್ಚಿ, ಬಲ ಇಳಿಸಿ, ಮತ್ತೆ ಕಾಲು ಅದ್ದಿ ಹುಳದ ಮನೆಗೆ ಹೋದೆವು. ಮುನಿರತ್ನಮ್ಮ ತಮ್ಮ ಫೋನನ್ನೂ ತಂದಿದ್ದರು, ನನ್ನದನ್ನು ನಂಬಲಿಲ್ಲ. ಒಂದೊಂದು ತಟ್ಟೆಯ ಮುಂದೂ ಹಿಡಿದು ನೋಡಿದರು, ಗೋಡೆಗೆ ಒತ್ತಿ ನೋಡಿದರು. ಗೀಟು ಇರಲಿಲ್ಲ. ನನ್ನ ಪೆಟ್ಟಿಗೆಯ ಹೆಸರೇ ಇರಲಿಲ್ಲ.

“ಕಲ್ಲು ಮನೆ ಅಂತ ಬೈತಿದ್ದೆಯಲ್ಲ” ಎಂದರು. “ನೋಡು, ಇಬ್ಬರ ಕಡೆಗೂ ಆಯ್ತು.”

ಇನ್ನು ಅದನ್ನು ಮೇಲೆ ಎಲ್ಲಿ ಕೂರಿಸುವುದು ಎಂಬುದು ಉಳಿಯಿತು. ಮೊಳೆ ಹೊಡೆಯುವಂತಿಲ್ಲ. ಮುನಿರತ್ನಮ್ಮ ಅಟ್ಟದಿಂದ ಒಂದು ಹಳೆಯ ಚಂದ್ರಿಕೆ ಇಳಿಸಿ ತಂದರು. ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ, ಬಿದಿರಿನ ದಬ್ಬೆ ಸುರುಳಿಯಾಗಿ ಸುತ್ತಿದ ತಟ್ಟೆ ಅದು. ಅಂಚು ಮುರಿದಿತ್ತು. ಅದನ್ನು ಬೆಳಕಿಂಡಿಯ ಕಬ್ಬಿಣದ ಸರಳಿಗೆ ಹಗ್ಗದಿಂದ ಕಟ್ಟಿ, ನಡುವೆ ಬಿಳಿ ಪೆಟ್ಟಿಗೆಯನ್ನು ತಂತಿಯಿಂದ ಬಿಗಿದರು. ಕೆಳಗಿನಿಂದ ನೋಡಿದರೆ ಯಾವುದೋ ದೊಡ್ಡ ಹುಳ ಕಟ್ಟಿದ ಗೂಡಿನಂತೆ ಕಾಣುತ್ತದೆ. ಅವತ್ತು ಸಂಜೆ ಅವರೇ ನನಗೆ ಹಿದುಕಿದ ಬೇಳೆ ಸಾರು ಕಳಿಸಿದರು, ಮುದ್ದೆಯ ಜೊತೆಗೆ. ನಾನು ರೊಟ್ಟಿ ಕಳಿಸಿದೆ. ಚೌಡಪ್ಪನವರು ಅದನ್ನು ಹಪ್ಪಳದಂತೆ ಮುರಿದು ತಿಂದರಂತೆ.

ಹುಳ ಜ್ವರ ಎದ್ದ ಮೇಲೆ ಗಂಗೂನನ್ನು ವೈನಿ ಮತ್ತೆ ಕೂರಿಸಿದರು. ಬೆಳಕಿಂಡಿಯಿಂದ ಬಿಸಿಲು ಇಳಿಯುತ್ತಿತ್ತು. ನಾನು ಕೈಗಳು ಬೆಳಕಿನಲ್ಲಿ ಬರುವ ಹಾಗೆ ಕೂತೆ. ಗಂಗೂನ ಮುಖ ಸ್ಪಷ್ಟವಾಗಿ ಮೂಡಿತು. ನಾನು ಅಂಗೈ ಎತ್ತಿದೆ. ಅವಳು ಕದಲಲಿಲ್ಲ. ಕಣ್ಣು ತೆರೆದಿತ್ತು, ಬಾಯಿ ಅರೆ ತೆರೆದಿತ್ತು, ಒಂದು ಕೈ ಗಾಳಿಯಲ್ಲಿ. ಮೇಲೆ ಪೆಟ್ಟಿಗೆಯ ದೀಪ ನೋಡಿದೆ, ಉರಿಯುತ್ತಿತ್ತು. ಪರದೆ ತಟ್ಟಿದೆ. “ಗಂಗೂ” ಎಂದು ಬಾಯಲ್ಲಿ ಕೂಗಿದೆ, ಅವಳಿಗೆ ಕೇಳುವುದಿಲ್ಲ ಎಂಬುದನ್ನೂ ಮರೆತು.

ಆಗ ಅವಳ ಹಿಂದೆ, ಮನೆಯ ಬಾಗಿಲಿನಲ್ಲಿ, ಒಂದು ಕೋಳಿ ದಾಟಿಹೋಯಿತು.

ಗಂಗೂನ ತುಟಿ ಅದುರಿತು. ಅವಳು ಬೇಕೆಂದೇ ನಿಂತಿದ್ದಳು. ನಾನು ಎಷ್ಟು ಹೊತ್ತು ಹೆದರುತ್ತೇನೆ ಎಂದು ನೋಡುತ್ತಿದ್ದಳು. ನಾನು ಅವಳಿಗೆ ಹೊಡೆಯುವವಳಂತೆ ಕೈ ಎತ್ತಿದೆ. ಅವಳು ನಕ್ಕಳು, ನಗುತ್ತಾ ನಗುತ್ತಾ ಅಳುವುದಕ್ಕೆ ತಿರುಗಿದಳು. ಆಮೇಲೆ ಕಣ್ಣೊರಸಿಕೊಂಡು, ಸರಿಯಾಗಿ ಕೂತು, ಮೂಗುತಿಯ ಜಾಗ ಮುಟ್ಟಿದಳು. ಆವತ್ತು ನಿಂತ ಕಡೆಯಿಂದಲೇ ಶುರು ಮಾಡಿದಳು:

ಅವ್ವ ಗೋಡೆಗೆ ಒರಗಿ ಜೋಳ ಹಸನು ಮಾಡುತ್ತಿದ್ದಳು. ಎದೆ ಹಿಡಿದುಕೊಂಡಳು. ನೀರು ಕೊಟ್ಟೆ. ಕುಡಿಯಲಿಲ್ಲ. ಅಂಗೈ ಮೇಲೆ ಬರೆದಳು. ಎರಡು ಸಲ ಬರೆದಳು. ನಿನ್ನನ್ನು ಕೇಳಿದಳು.

ಆವತ್ತು ನನಗೆ ತಲುಪದೆ ಉಳಿದಿದ್ದ ಕೈ ಅದು: ಅವ್ವ ನಿನ್ನನ್ನು ಕೇಳುತ್ತಿದ್ದಾಳೆ.

ಗಂಗೂ ನಿಲ್ಲಿಸಲಿಲ್ಲ. ಫೋನನ್ನು ಅವ್ವನ ಕಡೆ ತಿರುಗಿಸಿದೆ, ಎಂದಳು. ನೀನು ಅದರಲ್ಲಿ ಇದ್ದೆ. ಕದಲಲಿಲ್ಲ. ನನಗೆ ಸಿಟ್ಟು ಬಂತು. ಅವ್ವನಿಗೆ ಬರಲಿಲ್ಲ. ಅವ್ವ ನೋಡಿದಳು. ಹೀಗೆ ಮಾಡಿದಳು. ಗಂಗೂ ತನ್ನ ಹೆಬ್ಬೆರಳನ್ನು ಪರದೆಯ ಹತ್ತಿರ ತಂದು ನನ್ನ ಕೆನ್ನೆಯ ಜಾಗವನ್ನು ಸವರಿದಳು. ಅವ್ವ ಹಿಟ್ಟಿನ ಕೈ ಒರಸಿಕೊಂಡು ನಮ್ಮ ಕೆನ್ನೆ ಸವರುತ್ತಿದ್ದ ಹಾಗೆಯೇ.

ನಾನು ಹೇಳಬೇಕೆಂದಿದ್ದದ್ದು ಯಾವುದೂ ಆಮೇಲೆ ಬೇಕಾಗಲಿಲ್ಲ. ಅವಳು ಉಸಿರಾಡುವುದು ಕಾಣುತ್ತಿತ್ತು.

ಈಗ ಶಾಲೆಯಿಂದ ಬಂದ ಮೇಲೆ ಒಳಕೋಣೆಯಲ್ಲಿ ನಮ್ಮ ಮಾತು. ಕರೆಂಟು ಹೋದರೆ ನಿಲ್ಲದಿರಲಿ ಎಂದು ಜಗಲಿಯಲ್ಲಿ ಒಂದು ಸಣ್ಣ ಬ್ಯಾಟರಿ ಇಟ್ಟಿದ್ದೇನೆ. ಹುಳ ಹಣ್ಣಾದಾಗ ಮುನಿರತ್ನಮ್ಮ ಒಂದು ಚಂದ್ರಿಕೆಯನ್ನು ನನ್ನ ಕೋಣೆಗೆ ತಂದು ಗಂಗೂಗೆ ತೋರಿಸಿದರು. ಹುಳ ತಲೆ ಆಡಿಸುತ್ತಾ ಎಳೆ ಬಿಡುವುದನ್ನು ಗಂಗೂ ಕಣ್ಣು ಮಿಟುಕಿಸದೆ ನೋಡಿದಳು. ಮನೆಯ ಹೊರಗಿನವರ ಮುಂದೆ ಅವಳು ಕೈ ಬಿಚ್ಚಿದ್ದು ಅದೇ ಮೊದಲು. ಮುನಿರತ್ನಮ್ಮನಿಗೆ ಒಂದು ಹೆಸರನ್ನೂ ಇಟ್ಟಳು: ಬೆರಳುಗಳಿಂದ ಸೊಪ್ಪು ಉದುರಿಸುವ ಹಾಗೆ.

“ಅದೇನೇ ಅಂಗಂದ್ರೆ?”

“ನಿಮ್ಮ ಹೆಸ್ರು ರೀ ಅದು.”

“ಮುನಿರತ್ನಮ್ಮ ಅನ್ನೋದ್ಕಿಂತ ಇದೇ ಚೆನ್ನಾಗದೆ. ಚಿಕ್ಕದು” ಎಂದು ಅವರೂ ಬೆರಳು ಆಡಿಸಿ ಕಲಿತರು. ಅಂಗೈ ಮೇಲೆ ಬರೆದರೆ ನಾನು ಎಂಬುದನ್ನೂ ಕಲಿತರು.

ದೀಪಾವಳಿ ರಜೆಗೆ ಊರಿಗೆ ಹೊರಟೆ. ಹೊರಡುವಾಗ ಕೋಣೆಯ ಬೀಗದ ಕೈ ಮುನಿರತ್ನಮ್ಮನಿಗೆ ಕೊಟ್ಟೆ. ಬೆಳಗಿನ ಬಸ್ಸು. ಚಿತ್ರದುರ್ಗ ದಾಟುವಾಗ ಕಿಟಕಿಯಾಚೆ ಮತ್ತೆ ಬಂಡೆಗಳು ಬಂದವು, ಅವನ್ನು ನೋಡಿ ಮನೆ ನೆನಪಾಯಿತು. ಯಾವ ಮನೆ ಎಂಬುದು ಗಮನಕ್ಕೆ ಬಂದಾಗ ಸ್ವಲ್ಪ ಗಾಬರಿಯಾಯಿತು. ಇನ್ನು ಮುಂದೆ ಕಲ್ಲು ಕಡಿಮೆಯಾಗುತ್ತಾ, ಕರಿ ಮಣ್ಣು ಶುರುವಾಗುತ್ತದೆ. ಅದೂ ಬೇಕು.

ಆಗ ಗಂಗೂ ಒಂದು ಚಿತ್ರ ಕಳಿಸಿದಳು, ತನ್ನ ಫೋನಿನ ಪರದೆಯನ್ನೇ ತೆಗೆದದ್ದು. ನಾನಿಲ್ಲದ ಹೊತ್ತಿನಲ್ಲಿ ಅವಳೇ ಮುನಿರತ್ನಮ್ಮನಿಗೆ ಕರೆ ಮಾಡಿದ್ದಳು. ಮೇಲಿನ ಅರ್ಧದಲ್ಲಿ ಗಂಗೂ, ಮಣ್ಣಿನ ಮನೆಯ ಬೆಳಕಿಂಡಿಯ ಕೆಳಗೆ. ಕೆಳಗಿನ ಅರ್ಧದಲ್ಲಿ ಮುನಿರತ್ನಮ್ಮ, ನನ್ನ ಕೋಣೆಯಲ್ಲಿ, ಚಂದ್ರಿಕೆಯ ಕೆಳಗೆ. ಇಬ್ಬರೂ ತಮ್ಮ ಅಂಗೈ ಮೇಲೆ ಬೆರಳಿಟ್ಟು ಬರೆಯುತ್ತಿದ್ದರು. ನಾನು ಎಲ್ಲಿದ್ದೇನೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ನಾನು ಎರಡೂ ಮನೆಯಲ್ಲಿ ಇರಲಿಲ್ಲ. ಚಿತ್ರದಲ್ಲಿ ಅವರ ಕೈಗಳು ನಿಂತಿದ್ದವು. ಈ ಸಲ ನನಗೆ ಹೆದರಿಕೆಯಾಗಲಿಲ್ಲ. ಹೆಬ್ಬೆರಳಿನಿಂದ ಮೇಲಿನ ಕೆನ್ನೆ ಸವರಿದೆ, ಆಮೇಲೆ ಕೆಳಗಿನದು.